ಪಿನ್ ನಿಮ್ಮದು, ಲಿಂಕ್ ಯಾರದ್ದು? ಪಿಂಟರೆಸ್ಟ್ ಮತ್ತು ಅಫಿಲಿಯೇಟ್ ಕಮಿಷನ್‌ನ ಚರಿತ್ರೆ

ಪೂರ್ತಿ ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಕಂಪನಿ ಕ್ಯಾಬ್‌ನಲ್ಲಿ ಕೂತು ಓದುವವರಿಗೆ ಅಂತ ಈ ಬರಹ ರೂಪ. ಮಾತಾಡುವಾಗ ಸಮಯದ ಲೆಕ್ಕಕ್ಕೆ ಬಿಟ್ಟಿದ್ದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.

ಪಿಂಟರೆಸ್ಟ್‌ನಲ್ಲಿ ಚಂದದ ಫೋಟೊ ಹಾಕಿ, ಅದಕ್ಕೊಂದು ಅಫಿಲಿಯೇಟ್ ಲಿಂಕ್ ಸೇರಿಸಿ, ಮಲಗಿದ್ದಾಗಲೂ ದುಡ್ಡು ಬರುತ್ತೆ ಅಂತ ಹೇಳಿಕೊಡುವ ವಿಡಿಯೊಗಳು ಹಿಂದಿ, ತೆಲುಗು, ಕನ್ನಡ ಎಲ್ಲದರಲ್ಲೂ ಇವೆ. ಹೇಗೆ ಮಾಡೋದು ಅಂತ ಹೇಳೋರು ಬಹಳ ಜನ. ಈ ವ್ಯವಸ್ಥೆ ಎಲ್ಲಿಂದ ಬಂತು, ಮಧ್ಯದಲ್ಲಿ ಒಂದು ದಿನ ಅದು ಪೂರ್ತಿ ಹೇಗೆ ನಿಂತುಹೋಯಿತು, ಮತ್ತೆ ಯಾಕೆ ಶುರುವಾಯಿತು ಅಂತ ಹೇಳೋರು ಕಮ್ಮಿ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಪದದ ಅರ್ಥ. ಅಫಿಲಿಯೇಟ್ ಅಂದ್ರೆ ನಮ್ಮ ಊರ ಭಾಷೆಯಲ್ಲಿ ದಲಾಲಿ, ಅಷ್ಟೇ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹೋದರೆ ರೈತ ಮತ್ತು ವ್ಯಾಪಾರಿ ನಡುವೆ ದಲಾಲಿ ಅಂಗಡಿಯವರು ಇರ್ತಾರೆ. ಮಾಲು ಯಾರ ಅಂಗಡಿಗೆ ಬಂತು ಅನ್ನೋದು ಚೀಟಿಯಲ್ಲಿ ಇರುತ್ತೆ, ಕಮಿಷನ್ ಯಾರಿಗೆ ಅನ್ನೋದರಲ್ಲಿ ಗೊಂದಲ ಇಲ್ಲ. ಇಂಟರ್ನೆಟ್‌ನಲ್ಲಿ ಆ ದಲಾಲರು ಕಣ್ಣಿಗೆ ಕಾಣೋದಿಲ್ಲ. ವೆಬ್ ವಿಳಾಸದ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದಾದ ಮೇಲೆ ಒಂದು ಟ್ಯಾಗ್, ಅಷ್ಟರಲ್ಲೇ ಅವರ ಇಡೀ ಅಸ್ತಿತ್ವ ಇದೆ. ನಾವು ಕೋಡ್ ಬರೆಯೋರಿಗೆ ಇದು ಬರೀ ಒಂದು ಕ್ವೆರಿ ಪ್ಯಾರಾಮೀಟರ್. ಅದನ್ನು ಅಳಿಸಿದರೂ ಪುಟ ತೆರೆಯುತ್ತೆ, ಸಾಮಾನು ಸಿಗುತ್ತೆ, ಗ್ರಾಹಕನಿಗೆ ಒಂದು ಪೈಸೆ ವ್ಯತ್ಯಾಸ ಇಲ್ಲ. ಬದಲಾಗೋದು ಒಂದೇ: ಕಳಿಸಿಕೊಟ್ಟವರು ಯಾರು ಅನ್ನೋ ದಾಖಲೆ. ಮುಂದೆ ಹೇಳೋ ಕಥೆಯೆಲ್ಲ ಈ ಟ್ಯಾಗ್‌ಗೆ ಯಾರು ಕೈ ಹಾಕಿದರು ಅನ್ನೋದರ ಸುತ್ತ ತಿರುಗುತ್ತೆ.

ಹೂವು, ಸಿಡಿ, ಪುಸ್ತಕ

ವೆಬ್ ಜನಪ್ರಿಯ ಆಗೋಕೆ ಮೊದಲೇ ಈ ಪದ್ಧತಿ ಇತ್ತು. ವಿಲಿಯಂ ಟೋಬಿನ್ ಅನ್ನೋ ಅಮೆರಿಕನ್ ಉದ್ಯಮಿ 1989ರಲ್ಲಿ ಪಿಸಿ ಫ್ಲವರ್ಸ್ ಅಂಡ್ ಗಿಫ್ಟ್ಸ್ ಅಂತ ಹೂವು ಮಾರೋ ವ್ಯಾಪಾರ ಶುರು ಮಾಡಿದರು. ಮಾರಿದ್ದು ಪ್ರಾಡಿಜಿ ಅನ್ನೋ ಆನ್‌ಲೈನ್ ಸೇವೆಯಲ್ಲಿ. ಐಬಿಎಂ ಮತ್ತು ಸಿಯರ್ಸ್ ಸೇರಿ ನಡೆಸುತ್ತಿದ್ದ, ಮೋಡೆಮ್‌ನಿಂದ ಫೋನ್ ಹಾಕಿ ಒಳಗೆ ಹೋಗಬೇಕಾಗಿದ್ದ ಸೇವೆ ಅದು. ಪ್ರತಿ ಮಾರಾಟಕ್ಕೂ ಟೋಬಿನ್ ಪ್ರಾಡಿಜಿಗೆ ಒಂದು ಪಾಲು ಕೊಡ್ತಿದ್ರು. ನಂತರ ಅವರು ಈ ಕಲ್ಪನೆಗೆ 1996ರ ಜನವರಿಯಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಅದು ಮಂಜೂರಾಗಿದ್ದು 2000ದ ಅಕ್ಟೋಬರ್‌ನಲ್ಲಿ.

ವೆಬ್‌ನಲ್ಲಿ ಇದನ್ನು ಮೊದಲು ಮಾಡಿದವರಲ್ಲಿ ಸಿಡಿನೌ ಒಂದು. ಜೇಸನ್ ಮತ್ತು ಮ್ಯಾಥ್ಯೂ ಓಲಿಮ್ ಅನ್ನೋ ಅವಳಿ ಸಹೋದರರು ಪೆನ್ಸಿಲ್ವೇನಿಯಾದಲ್ಲಿ ನಡೆಸುತ್ತಿದ್ದ ಸಂಗೀತದ ಸಿಡಿ ಅಂಗಡಿ. ಗೆಫೆನ್ ರೆಕಾರ್ಡ್ಸ್ ಅನ್ನೋ ಸಂಗೀತ ಕಂಪನಿಗೆ ತನ್ನ ಸೈಟ್‌ನಿಂದಲೇ ಆಲ್ಬಂ ಮಾರೋ ಆಸೆ, ಆದರೆ ಪ್ಯಾಕ್ ಮಾಡಿ ಕಳಿಸೋ ತಲೆನೋವು ಬೇಡ. ಸಿಡಿನೌ ಆ ಕೆಲಸ ವಹಿಸಿಕೊಂಡಿತು. 1994ರ ನವೆಂಬರ್‌ನಲ್ಲಿ ಬೈವೆಬ್ ಅಂತ ಕಾರ್ಯಕ್ರಮವೇ ಬಂತು: ಸಂಗೀತದ ಬಗ್ಗೆ ಬರೆಯೋರು ಲಿಂಕ್ ಕೊಡಲಿ, ಮಾರಾಟವಾದರೆ ಪಾಲು ತಗೊಳ್ಳಲಿ. ಅದೇ ವರ್ಷ ನೆಟ್‌ಸ್ಕೇಪ್‌ನಲ್ಲಿ ಲೂ ಮಾಂಟುಲಿ ಕುಕೀ ಕಂಡುಹಿಡಿದಿದ್ದು. ಕುಕೀ ಇಲ್ಲದೆ ಈ ಧಂದೆ ಇಷ್ಟು ದೊಡ್ಡದಾಗೋಕೆ ಸಾಧ್ಯವೇ ಇರಲಿಲ್ಲ, ಯಾಕಂದ್ರೆ ನೋಡಿದ ತಕ್ಷಣ ಯಾರೂ ಕೊಳ್ಳೋದಿಲ್ಲ. ಇವತ್ತು ನೋಡಿದವರು ನಾಳೆ ಕೊಂಡರೆ, ಅವರನ್ನು ಕಳಿಸಿದ್ದು ಯಾರು ಅಂತ ಬ್ರೌಸರ್ ನೆನಪಿಟ್ಟುಕೊಳ್ಳಬೇಕು.

1996ರ ಜುಲೈನಲ್ಲಿ ಅಮೆಜಾನ್ ಅಸೋಸಿಯೇಟ್ಸ್ ಬಂತು. ಅಮೆಜಾನ್‌ಗೆ ಈ ಪದ್ಧತಿ ಬಗ್ಗೆ 2000ದ ಫೆಬ್ರವರಿಯಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ಗಮನಿಸಿ, ಟೋಬಿನ್‌ಗಿಂತ ಎಂಟು ತಿಂಗಳು ಮುಂಚೆ! ಅರ್ಜಿ ಹಾಕಿದ್ದು ಒಂದೂವರೆ ವರ್ಷ ತಡವಾಗಿ, ಸಿಕ್ಕಿದ್ದು ಮೊದಲು. ಅಮೆರಿಕದ ಪೇಟೆಂಟ್ ಆಫೀಸು ಕೂಡ ನಮ್ಮ ತಾಲ್ಲೂಕು ಕಚೇರಿ ಥರಾನೇ ಇರಬೇಕು ಅನ್ಸುತ್ತೆ.

ಅಮೆಜಾನ್ ಕುಕೀ ಆಯಸ್ಸು 24 ಗಂಟೆ. ಅಷ್ಟರೊಳಗೆ ಗ್ರಾಹಕರು ಕಾರ್ಟ್‌ಗೆ ಹಾಕಿಕೊಂಡರೆ ಆ ವಸ್ತುವಿಗೆ 90 ದಿನದವರೆಗೆ ಲೆಕ್ಕ ಇರುತ್ತೆ, ಇಲ್ಲದಿದ್ದರೆ ಮುಗೀತು. ಎಲ್‌ಐಸಿ ಏಜೆಂಟರ ಜೊತೆ ಹೋಲಿಸಿ ನೋಡಿ. ಅವರು ಒಂದು ಸಲ ಪಾಲಿಸಿ ಮಾಡಿಸಿದರೆ ಪ್ರೀಮಿಯಂ ಕಟ್ಟಿದಾಗೆಲ್ಲ ವರ್ಷ ವರ್ಷ ರಿನ್ಯೂವಲ್ ಕಮಿಷನ್ ಬರುತ್ತೆ. ಇಲ್ಲಿ ನೀವು ತಂದುಕೊಟ್ಟ ಗ್ರಾಹಕ ಒಂದು ದಿನ ಮಾತ್ರ ನಿಮ್ಮವನು, ಆಮೇಲೆ ಅವನು ಪೂರ್ತಿ ಅಂಗಡಿಯವನು. ಮಲಗಿದ್ದಾಗಲೂ ದುಡ್ಡು ಬರುತ್ತೆ ಅನ್ನೋ ಮಾತು ಸುಳ್ಳಲ್ಲ, ಆದರೆ ಪ್ರತಿ ರಾತ್ರಿ ಹೊಸ ಗ್ರಾಹಕರೇ ಬರಬೇಕು.

ಕಾಣದ ಚಿತ್ರ

ಪಿಂಟರೆಸ್ಟ್‌ಗೆ ಬರೋ ಮುಂಚೆ ಒಂದು ಕಥೆ, ಇಂಜಿನಿಯರ್‌ಗಳು ಕೇಳಲೇಬೇಕಾದದ್ದು. ಇಬೇ ಕಂಪನಿಯ ಅತಿ ದೊಡ್ಡ ಅಫಿಲಿಯೇಟ್‌ಗಳಲ್ಲಿ ಒಬ್ಬರು ಶಾನ್ ಹೋಗನ್. ಅವರಿಗೆ ಕೆಲವೇ ವರ್ಷಗಳಲ್ಲಿ ಹೋದ ಕಮಿಷನ್ ಸುಮಾರು 2.8 ಕೋಟಿ ಡಾಲರ್. ಹೇಗೆ? ಬೇರೆ ಬೇರೆ ಸೈಟ್‌ಗಳಲ್ಲಿ ಕಣ್ಣಿಗೆ ಕಾಣದ ಒಂದು ಪುಟ್ಟ ಚಿತ್ರ ಇರೋದು. ಪುಟ ತೆರೆದ ಬ್ರೌಸರ್ ಆ ಚಿತ್ರ ಕೇಳೋಕೆ ಹೋದಾಗ ಅದು ಇಬೇ ಕಡೆ ತಿರುಗಿ, ಬಳಕೆದಾರರಿಗೆ ಗೊತ್ತಿಲ್ಲದೆ ಹೋಗನ್ ಹೆಸರಿನ ಕುಕೀ ಬಂದು ಕೂರೋದು. ಆಮೇಲೆ ಅವರು ತಮ್ಮಷ್ಟಕ್ಕೆ ಇಬೇಗೆ ಹೋಗಿ ಏನಾದರೂ ಕೊಂಡರೆ ಕಮಿಷನ್ ಹೋಗನ್‌ಗೆ. ಇದಕ್ಕೆ ಕುಕೀ ಸ್ಟಫಿಂಗ್ ಅಂತಾರೆ. ಇಬೇ ಆರೋಪದ ಪ್ರಕಾರ ಸ್ಯಾನ್ ಹೊಸೆ ಮತ್ತು ಸಾಂಟಾ ಬಾರ್ಬರಾ ಊರುಗಳಿಂದ ಬರೋರಿಗೆ ಈ ಕೋಡ್ ಓಡದ ಹಾಗೆ ಮಾಡಲಾಗಿತ್ತು, ಯಾಕಂದ್ರೆ ಒಂದು ಊರಲ್ಲಿ ಇಬೇ ಆಫೀಸು, ಇನ್ನೊಂದರಲ್ಲಿ ಲೆಕ್ಕ ಇಡೋ ಕಮಿಷನ್ ಜಂಕ್ಷನ್ ಆಫೀಸು! 2007ರಲ್ಲಿ ಎಫ್‌ಬಿಐ ದಾಳಿ ಆಯ್ತು, 2014ರಲ್ಲಿ ಐದು ತಿಂಗಳು ಜೈಲು ಮತ್ತು 25,000 ಡಾಲರ್ ದಂಡ.

ಈ ಪ್ರಕರಣ ಹೇಳಿದ್ದು ಯಾಕೆ ಅಂದ್ರೆ, ಅಫಿಲಿಯೇಟ್ ಅಂದ ತಕ್ಷಣ ದೊಡ್ಡ ಕಂಪನಿಗಳು ಯಾಕೆ ಮೂಗು ಮುರೀತವೆ ಅನ್ನೋದು ಇದರಿಂದ ಅರ್ಥ ಆಗುತ್ತೆ. ಮುಂದೆ ಪಿಂಟರೆಸ್ಟ್ ತೆಗೆದುಕೊಂಡ ತೀರ್ಮಾನದ ಹಿಂದೆ ಇಂಥ ಭಯವೂ ಇದ್ದಿರಬಹುದು.

ಕೊಳ್ಳದೆ ಕೂಡಿಡುವವರು

ಬೆನ್ ಸಿಲ್ಬರ್ಮನ್ ಅಯೋವಾ ರಾಜ್ಯದ ಡಿ ಮಾಯ್ನ್ ಊರಿನವರು. ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಸಂಗ್ರಹಿಸೋ ಹವ್ಯಾಸ. ಗೂಗಲ್‌ನಲ್ಲಿ ಜಾಹೀರಾತು ವಿಭಾಗದಲ್ಲಿದ್ದರು, ಇಂಜಿನಿಯರ್ ಅಲ್ಲ. ಕೆಲಸ ಬಿಟ್ಟು ಪಾಲ್ ಸಿಯಾರಾ ಜೊತೆ ಸೇರಿ ಟೋಟ್ ಅನ್ನೋ ಫೋನ್ ಆ್ಯಪ್ ಮಾಡಿದರು, ಅಂಗಡಿಗಳ ಕ್ಯಾಟಲಾಗ್ ತೋರಿಸೋದು. ಆ್ಯಪ್ ಸೋತಿತು. ಆಗಿನ ಫೋನ್‌ನಲ್ಲಿ ದುಡ್ಡು ಕಟ್ಟೋದೇ ಕಷ್ಟ. ಆದರೆ ಜನ ಒಂದು ವಿಚಿತ್ರ ಕೆಲಸ ಮಾಡ್ತಿದ್ರು: ಕೊಳ್ಳುತ್ತಿರಲಿಲ್ಲ, ಇಷ್ಟವಾದ ವಸ್ತುಗಳ ಚಿತ್ರ ಕೂಡಿಡ್ತಿದ್ರು. ಆ ಗಮನಿಕೆಯಿಂದಲೇ ಪಿಂಟರೆಸ್ಟ್ ಹುಟ್ಟಿದ್ದು. ವಾಸ್ತುಶಿಲ್ಪ ಓದುತ್ತಿದ್ದ ಇವಾನ್ ಶಾರ್ಪ್ ವಿನ್ಯಾಸಕ್ಕೆ ಸೇರಿಕೊಂಡರು, 2010ರ ಮಾರ್ಚ್‌ನಲ್ಲಿ ಆಹ್ವಾನಿತರಿಗೆ ಮಾತ್ರ ಬಾಗಿಲು ತೆರೆಯಿತು. ಮೊದಲ 5,000 ಬಳಕೆದಾರರಿಗೆ ಸಿಲ್ಬರ್ಮನ್ ತಾವೇ ಪತ್ರ ಬರೆದು ತಮ್ಮ ಫೋನ್ ನಂಬರ್ ಕೊಟ್ಟಿದ್ದರು.

ಬೆಳೆಸಿದ್ದು ಸಿಲಿಕಾನ್ ವ್ಯಾಲಿಯ ಗಂಡಸರಲ್ಲ. ಅಮೆರಿಕದ ನಡುನಾಡಿನ ಹೆಂಗಸರು, ಮನೆ ಅಲಂಕಾರ, ಅಡುಗೆ, ಮದುವೆ ತಯಾರಿಯ ಬಗ್ಗೆ ಬ್ಲಾಗ್ ಬರೆಯೋರು. 2012ರ ಜನವರಿಯಲ್ಲಿ ಕಾಮ್‌ಸ್ಕೋರ್ ಲೆಕ್ಕದ ಪ್ರಕಾರ ಅಮೆರಿಕದಲ್ಲೇ 1.17 ಕೋಟಿ ಜನ ಪಿಂಟರೆಸ್ಟ್ ನೋಡಿದ್ದರು. ಒಂದು ಕೋಟಿ ದಾಟಿದ್ದು ಅಲ್ಲಿಯವರೆಗಿನ ಎಲ್ಲ ಸೈಟ್‌ಗಳಿಗಿಂತ ವೇಗವಾಗಿ.

ಇಲ್ಲಿ ಒಂದು ತಾಂತ್ರಿಕ ವಿಷಯ ಮುಖ್ಯ. ಫೇಸ್‌ಬುಕ್‌ನಲ್ಲಿ ಹಾಕಿದ ಫೋಟೊ ಎರಡು ದಿನದಲ್ಲಿ ಕೆಳಗೆ ಹೋಗಿಬಿಡುತ್ತೆ. ಪಿಂಟರೆಸ್ಟ್‌ನಲ್ಲಿ ಪ್ರತಿ ಚಿತ್ರದ ಹಿಂದೆ ಒಂದು ಲಿಂಕ್ ಇದೆ. ಬೇರೆಯವರು ಅದನ್ನು ತಮ್ಮ ಬೋರ್ಡ್‌ಗೆ ಎತ್ತಿಕೊಂಡಾಗ ಲಿಂಕೂ ಜೊತೆಗೆ ಹೋಗುತ್ತೆ. ಹುಡುಕಾಟದಲ್ಲಿ ವರ್ಷಗಟ್ಟಲೆ ಸಿಗ್ತಾ ಇರುತ್ತೆ. ಅಂದ್ರೆ ಒಬ್ಬರು ಹಾಕಿದ ಟ್ಯಾಗ್ ಸಾವಿರಾರು ಜನರ ಬೋರ್ಡ್‌ನಲ್ಲಿ ನಕಲಾಗಿ ಬದುಕಿರುತ್ತೆ. ಅಫಿಲಿಯೇಟ್ ದಲಾಲಿಗೆ ಇದಕ್ಕಿಂತ ಫಲವತ್ತಾದ ಹೊಲ ಎಲ್ಲೂ ಇರಲಿಲ್ಲ.

ಈ ಹೊಲದಲ್ಲಿ ಮೊದಲು ಸುಗ್ಗಿ ಮಾಡಿದ್ದು ಯಾರು ಗೊತ್ತಾ? ಪಿಂಟರೆಸ್ಟ್ ತಾನೇ. 2012ರ ಫೆಬ್ರವರಿಯಲ್ಲಿ ಜೋಶ್ ಡೇವಿಸ್ ಅನ್ನೋ ಬ್ಲಾಗರ್ ಒಂದು ವಿಷಯ ಹೊರಗೆ ಹಾಕಿದರು: ಬಳಕೆದಾರರು ಸಾದಾ ಲಿಂಕ್ ಹಾಕಿದ್ದರೆ ಪಿಂಟರೆಸ್ಟ್ ಸದ್ದಿಲ್ಲದೆ ಅದಕ್ಕೆ ತನ್ನ ಅಫಿಲಿಯೇಟ್ ಟ್ಯಾಗ್ ಸೇರಿಸುತ್ತಿತ್ತು. ಇದಕ್ಕೆ ಬಳಸಿದ್ದು ಲಂಡನ್‌ನ ಸ್ಕಿಮ್‌ಲಿಂಕ್ಸ್ ಕಂಪನಿಯ ಸೇವೆ. ಕಾನೂನು ಮುರಿದಂತೇನೂ ಅಲ್ಲ. ಒಬ್ಬ ಬಳಕೆದಾರನ ಜೇಬಿನಿಂದ ದುಡ್ಡು ಹೋಗಲೂ ಇಲ್ಲ. ಆದರೂ ಗಲಾಟೆ ಆಯ್ತು, ಯಾಕಂದ್ರೆ ಯಾರಿಗೂ ಹೇಳಿರಲಿಲ್ಲ. ಚಿತ್ರ ಹುಡುಕಿ, ಜೋಡಿಸಿ, ಸಾಲು ಬರೆದು ಇಟ್ಟಿದ್ದು ಆ ಹೆಂಗಸರು. ಅದರ ಹಿಂದಿನ ದಲಾಲಿ ಕಂಪನಿಗೆ. ಪಿಂಟರೆಸ್ಟ್ ಅದು ಪ್ರಯೋಗವಾಗಿತ್ತು ಅಂತ ಹೇಳಿ ಕೈಬಿಟ್ಟಿತು.

ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಇದೇ ಮುಖ್ಯ ಘಟನೆ. ನೀವು ಹಾಕಿದ ಲಿಂಕ್‌ನ ಕೊನೇ ಅಕ್ಷರಗಳು ವೇದಿಕೆಯ ಸರ್ವರ್ ಮೂಲಕ ಹಾದುಹೋಗುತ್ತವೆ, ಬೇಕಾದರೆ ಅವರು ಬದಲಿಸಬಹುದು ಅನ್ನೋದು ಅವತ್ತು ಎಲ್ಲರಿಗೂ ಕಂಡಿತು. ಸೇರಿಸುವ ಕೈಗೆ ತೆಗೆಯೋದೂ ಗೊತ್ತಿರುತ್ತಲ್ಲ?

2015ರ ಫೆಬ್ರವರಿ

ಅಲ್ಲಿಂದ ಮೂರು ವರ್ಷ ಸುಗ್ಗಿ. 2011ರಲ್ಲಿ ಡಲ್ಲಾಸ್‌ನಲ್ಲಿ ಅಂಬರ್ ವೆನ್ಜ್ ಬಾಕ್ಸ್ ಮತ್ತು ಬಾಕ್ಸ್ಟರ್ ಬಾಕ್ಸ್ ಶುರುಮಾಡಿದ್ದ ರಿವಾರ್ಡ್‌ಸ್ಟೈಲ್ ಅನ್ನೋ ಸಂಸ್ಥೆ ಫ್ಯಾಷನ್ ಬ್ಲಾಗರ್‌ಗಳಿಗೆ ನೂರಾರು ಅಂಗಡಿಗಳ ಅಫಿಲಿಯೇಟ್ ಲಿಂಕ್ ಒಂದೇ ಕಡೆ ಕೊಡ್ತಿತ್ತು. ಬಟ್ಟೆ, ಬ್ಯಾಗ್, ಸೋಫಾ, ದೀಪ, ಗೋಡೆ ಬಣ್ಣ ಎಲ್ಲದಕ್ಕೂ ಪಿನ್. ಜೊತೆಗೇ ಕಳೆಯೂ ಬೆಳೆಯಿತು. ಬಾಟ್ ಖಾತೆಗಳು ಚಂದದ ಚಿತ್ರ ಕದ್ದು, ಸಂಬಂಧವೇ ಇಲ್ಲದ ವಸ್ತುವಿನ ಲಿಂಕ್ ಸಿಕ್ಕಿಸಿದವು. ಪಾಕವಿಧಾನ ಅಂತ ಕ್ಲಿಕ್ ಮಾಡಿದರೆ ತೂಕ ಇಳಿಸೋ ಮಾತ್ರೆಯ ಪುಟ.

2014ರಲ್ಲಿ ಇನ್ನೊಂದು ಬೆಳವಣಿಗೆ. ಶೂ ಕಂಪನಿ ಕೋಲ್ ಹಾನ್ ಒಂದು ಸ್ಪರ್ಧೆ ಇಟ್ಟಿತ್ತು: ನಮ್ಮ ಶೂ ಚಿತ್ರಗಳಿರೋ ಬೋರ್ಡ್ ಮಾಡಿ, ಗೆದ್ದವರಿಗೆ 1,000 ಡಾಲರ್ ಶಾಪಿಂಗ್. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮಾರ್ಚ್‌ನಲ್ಲಿ ಪತ್ರ ಬರೆದು, ಇಂಥ ಪಿನ್ ಕೂಡ ಶಿಫಾರಸೇ, ಬಹುಮಾನದ ಆಸೆಗೆ ಹಾಕಿದ್ದು ಅಂತ ನೋಡುವವರಿಗೆ ತಿಳೀಬೇಕು ಅಂದಿತು. ದಂಡ ಹಾಕಲಿಲ್ಲ. ಆದರೆ ಪಿನ್ ಅನ್ನೋದು ಬರೀ ಚಿತ್ರ ಅಲ್ಲ, ಜಾಹೀರಾತು ಆಗಬಹುದು ಅನ್ನೋದು ಸರ್ಕಾರಿ ಕಾಗದದ ಮೇಲೆ ಬಂತು.

ಆಮೇಲೆ 2015ರ ಫೆಬ್ರವರಿ ಎರಡನೇ ವಾರ. ಪಿನ್‌ಗಳಲ್ಲಿರುವ ಎಲ್ಲ ಅಫಿಲಿಯೇಟ್ ಲಿಂಕ್, ರೀಡೈರೆಕ್ಟ್, ಟ್ರ್ಯಾಕರ್‌ಗಳನ್ನು ತೆಗೆಯುತ್ತಿದ್ದೇವೆ ಅಂತ ಪಿಂಟರೆಸ್ಟ್ ತಿಳಿಸಿತು. ಹೊಸ ಪಿನ್‌ಗೆ ಮಾತ್ರ ಅಲ್ಲ, ಹಳೆಯದಕ್ಕೂ. ಚಿತ್ರ ಹಾಗೇ ಇರುತ್ತೆ, ಕ್ಲಿಕ್ ಮಾಡಿದರೆ ಅಂಗಡಿಯೂ ತೆರೆಯುತ್ತೆ, ಟ್ಯಾಗ್ ಮಾತ್ರ ಇರೋದಿಲ್ಲ. ಕೊಟ್ಟ ಕಾರಣ: ಈ ಲಿಂಕ್‌ಗಳಿಂದ ಮುರಿದ ಪುಟಗಳು, ಸಂಬಂಧವಿಲ್ಲದ ಪಿನ್‌ಗಳು, ಸ್ಪ್ಯಾಮ್ ಹೆಚ್ಚಾಗಿದೆ. ಪ್ರಾಮಾಣಿಕವಾಗಿ ಮಾಡ್ತಿದ್ದವರಿಗೆ ಏನು ದಾರಿ? ಕಂಪನಿಗಳಿಂದ ನೇರ ದುಡ್ಡು ತಗೊಂಡು ಅವರಿಗೆ ಪಿನ್ ಮಾಡಿಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ ಅಂತ.

ಸ್ಪ್ಯಾಮ್ ಕಾರಣ ಸುಳ್ಳಲ್ಲ. ಆದರೆ ಕ್ಯಾಲೆಂಡರ್ ನೋಡಿ. ಅದೇ ವರ್ಷದ ಜನವರಿ 1ರಿಂದ ಪ್ರಮೋಟೆಡ್ ಪಿನ್, ಅಂದರೆ ದುಡ್ಡು ಕೊಟ್ಟು ತೋರಿಸೋ ಜಾಹೀರಾತು, ಅಮೆರಿಕದ ಎಲ್ಲ ಜಾಹೀರಾತುದಾರರಿಗೆ ತೆರೆದಿತ್ತು. ಜೂನ್‌ನಲ್ಲಿ ಬೈಯಬಲ್ ಪಿನ್ ಘೋಷಣೆ ಆಯ್ತು, ಆ್ಯಪ್ ಬಿಡದೆ ನೀಲಿ ಗುಂಡಿ ಒತ್ತಿ ಕೊಳ್ಳೋದು. ಮೇಸೀಸ್, ನಾರ್ಡ್‌ಸ್ಟ್ರಾಮ್, ಶಾಪಿಫೈ ಅಂಗಡಿಗಳು ಜೊತೆಗಿದ್ದವು. ಅಂಗಡಿಯವರೇ ನೇರವಾಗಿ ಬರೋ ಹೊತ್ತಿಗೆ ನಡುವಿನ ದಲಾಲರನ್ನು ಹೊರಗೆ ಕಳಿಸಿದ್ದು ಬರೀ ಕಾಕತಾಳೀಯ ಅಂತ ನನಗೆ ಅನ್ನಿಸೋದಿಲ್ಲ. ಪಿಂಟರೆಸ್ಟ್ ಹಾಗೆ ಒಪ್ಪಿಕೊಂಡಿಲ್ಲ, ಇದು ನನ್ನ ಓದು.

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಧಾರವಾಡ ಕಡೆಯ ಒಬ್ಬರಿದ್ದಾರೆ. ಮದುವೆಯಾಗಿ ಪುಣೆಗೆ ಬಂದ ಮೇಲೆ ಶಾಲೆ ಕೆಲಸ ಬಿಟ್ಟವರು. ಮಕ್ಕಳು ಶಾಲೆಗೆ ಹೋದ ಮೇಲೆ ಕೂತು ಅಡುಗೆಮನೆ ಜೋಡಣೆ, ಬಾಲ್ಕನಿ ಗಿಡ, ಹಬ್ಬದ ಅಲಂಕಾರದ ಪಿನ್ ಮಾಡ್ತಾರೆ. ತಿಂಗಳಿಗೆ ಬರೋದು ಅವರ ಮಾತಲ್ಲೇ ಹೇಳಬೇಕಂದ್ರೆ ಕಾಯಿಪಲ್ಲೆ ಖರ್ಚಿಗೆ ಸಾಕು. ಈ 2015ರ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಹಂಗಾದ್ರ ಅವ್ರ್ ಮೂರ್ ವರ್ಷ ಮಾಡಿದ್ದು ಒಂದ್ ದಿನದಾಗ ಹೋತೇನ್ರೀ? ನೋಟೀಸ್ ಪೀರಿಯಡ್ಡೂ ಇಲ್ಲಾ?" ನಾವು ಐಟಿಯವರು ಕೆಲಸ ಬಿಡೋಕೆ ಎರಡು ಮೂರು ತಿಂಗಳ ನೋಟೀಸ್ ಬಗ್ಗೆ ಗೋಳಾಡ್ತೀವಿ. ಇವರಿಗೆ ಆ ಪದವೇ ಇಲ್ಲ.

ಮತ್ತೆ ಬಾಗಿಲು ತೆರೆದದ್ದು

ಒಂದು ವರ್ಷ ಚಿಲ್ಲರೆ ಕಳೆದು 2016ರ ಮೇ ತಿಂಗಳಲ್ಲಿ ಪಿಂಟರೆಸ್ಟ್ ಅಫಿಲಿಯೇಟ್ ಲಿಂಕ್‌ಗೆ ಮತ್ತೆ ಒಪ್ಪಿಗೆ ಕೊಟ್ಟಿತು. ಸ್ಪ್ಯಾಮ್ ಹಿಡಿಯೋ ವ್ಯವಸ್ಥೆ ಈಗ ಚೆನ್ನಾಗಿದೆ ಅಂತ ವಿವರಣೆ. ಬೈಯಬಲ್ ಪಿನ್ ಅಂದುಕೊಂಡಷ್ಟು ಓಡಲಿಲ್ಲ. 2018ರಲ್ಲಿ ಅದನ್ನು ಬಿಟ್ಟು, ಕ್ಲಿಕ್ ಮಾಡಿದರೆ ಅಂಗಡಿಯ ಸೈಟ್‌ಗೇ ಕರೆದೊಯ್ಯುವ ಪ್ರಾಡಕ್ಟ್ ಪಿನ್‌ಗೆ ಬದಲಾದರು. ಜನ ಪಿಂಟರೆಸ್ಟ್‌ನಲ್ಲಿ ಕನಸು ಕಾಣ್ತಾರೆ, ಕೊಳ್ಳೋಕೆ ಬೇರೆ ಕಡೆ ಹೋಗ್ತಾರೆ. ಟೋಟ್ ಆ್ಯಪ್ ಕಲಿಸಿದ್ದೂ ಇದನ್ನೇ ಅಲ್ವಾ?

ಇದೇ ಹೊತ್ತಿಗೆ ಇನ್‌ಸ್ಟಾಗ್ರಾಂ ಬೇರೆ ದಾರಿ ಹಿಡಿದಿತ್ತು. ಫೋಟೊ ಕೆಳಗೆ ಲಿಂಕ್ ಕೆಲಸ ಮಾಡೋದೇ ಇಲ್ಲ, ಪ್ರೊಫೈಲ್‌ನಲ್ಲಿ ಮಾತ್ರ. ಈ ಗೋಡೆಯ ಸುತ್ತ ಹೊಸ ಧಂದೆಗಳೇ ಹುಟ್ಟಿದವು: ರಿವಾರ್ಡ್‌ಸ್ಟೈಲ್‌ನವರ ಲೈಕ್‌ಟುನೋಇಟ್, ಮೆಲ್ಬರ್ನ್‌ನ ಲಿಂಕ್‌ಟ್ರೀ. 2021ರಲ್ಲಿ ಇನ್‌ಸ್ಟಾಗ್ರಾಂ ತನ್ನದೇ ಅಫಿಲಿಯೇಟ್ ಪ್ರಯೋಗ ಶುರು ಮಾಡಿ 2022ರ ಆಗಸ್ಟ್ ಕೊನೆಗೆ ಮುಚ್ಚಿತು. ಪಿಂಟರೆಸ್ಟ್ ಕೂಡ 2021ರಲ್ಲಿ ಕ್ರಿಯೇಟರ್ ರಿವಾರ್ಡ್ಸ್ ಅಂತ ನೇರ ದುಡ್ಡು ಕೊಡೋ ಯೋಜನೆ ತಂದು ಮುಂದಿನ ವರ್ಷದ ನವೆಂಬರ್‌ಗೆ ನಿಲ್ಲಿಸಿತು.

ವೇದಿಕೆ ಸುಮ್ಮನಿದ್ದರೂ ಅಂಗಡಿ ಸುಮ್ಮನಿರಬೇಕಲ್ಲ? 2020ರ ಏಪ್ರಿಲ್, ಲಾಕ್‌ಡೌನ್, ಎಲ್ಲರೂ ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಕೊಳ್ಳುತ್ತಿದ್ದ ಕಾಲ. ಅಮೆರಿಕದಲ್ಲಿ ಅಮೆಜಾನ್ ಪೀಠೋಪಕರಣ ಮತ್ತು ಮನೆ ದುರಸ್ತಿ ಸಾಮಾನಿನ ಕಮಿಷನ್ 8 ಪರ್ಸೆಂಟ್‌ನಿಂದ 3ಕ್ಕೆ ಇಳಿಸಿತು, ದಿನಸಿಗೆ 5ರಿಂದ 1ಕ್ಕೆ. ಲೆಕ್ಕ ಹಾಕಿ: ಅದೇ ಪಿನ್, ಅದೇ ಕ್ಲಿಕ್, 500 ಡಾಲರ್ ಸೋಫಾಗೆ 40 ಡಾಲರ್ ಬರ್ತಿದ್ದದ್ದು 15 ಆಯ್ತು. ಮನೆ ಅಲಂಕಾರವೇ ಪಿಂಟರೆಸ್ಟ್‌ನ ಜೀವಾಳ ಅನ್ನೋದನ್ನು ನೆನಪಿಡಿ.

ಇನ್ನು ಹನಿ ಅನ್ನೋ ಬ್ರೌಸರ್ ಎಕ್ಸ್‌ಟೆನ್ಶನ್ ವಿಷಯ. ಕೂಪನ್ ಹುಡುಕಿಕೊಡ್ತೀನಿ ಅನ್ನೋ ಈ ಕಂಪನಿಯನ್ನು ಪೇಪಾಲ್ ಸುಮಾರು 400 ಕೋಟಿ ಡಾಲರ್ ಕೊಟ್ಟು ಕೊಂಡಿತ್ತು. 2024ರ ಡಿಸೆಂಬರ್‌ನಲ್ಲಿ ಮೆಗಾಲ್ಯಾಗ್ ಅನ್ನೋ ಯೂಟ್ಯೂಬ್ ಚಾನೆಲ್ ಒಂದು ಆರೋಪ ಮಾಡಿತು: ದುಡ್ಡು ಕಟ್ಟೋ ಪುಟದಲ್ಲಿ ಹನಿ ಗುಂಡಿ ಒತ್ತಿದಾಗ ಅಲ್ಲಿಯವರೆಗೆ ಇದ್ದ ಅಫಿಲಿಯೇಟ್ ಕುಕೀ ಹೋಗಿ ಹನಿಯದ್ದು ಬಂದು ಕೂರುತ್ತೆ. ಕೊನೆಯ ಕ್ಲಿಕ್ ಯಾರದ್ದೋ ಕಮಿಷನ್ ಅವರದ್ದು, ಇದು ಉದ್ಯಮದ ನಿಯಮ, ನಾವು ಅದನ್ನೇ ಪಾಲಿಸ್ತೀವಿ ಅನ್ನೋ ಅರ್ಥದಲ್ಲಿ ಪೇಪಾಲ್ ಉತ್ತರಿಸಿತು. ಕ್ರಿಯೇಟರ್‌ಗಳು ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿದರು. 2025ರ ಮಾರ್ಚ್‌ನಲ್ಲಿ ಗೂಗಲ್, ಬಳಕೆದಾರರಿಗೆ ಲಾಭ ಇಲ್ಲದೆ ಟ್ಯಾಗ್ ಹಾಕೋ ಹಾಗಿಲ್ಲ ಅಂತ ಕ್ರೋಮ್ ಎಕ್ಸ್‌ಟೆನ್ಶನ್ ನಿಯಮ ಬಿಗಿ ಮಾಡಿತು. ದಲಾಲಿ ಅಂಗಡಿಯಲ್ಲಿ ದಿನವಿಡೀ ಮಾಲು ತೋರಿಸಿದವರು ಒಬ್ಬರು, ತೂಕದ ಹೊತ್ತಿಗೆ ಬಂದು ಚೀಟಿಯಲ್ಲಿ ಹೆಸರು ಬರೆಸಿಕೊಂಡವರು ಇನ್ನೊಬ್ಬರು ಅಂದರೆ ಬ್ಯಾಡಗಿಯಲ್ಲಿ ಜಗಳ ಆಗದೆ ಇರುತ್ತಾ?

ನಮ್ಮ ದೇಶದಲ್ಲಿ

ಭಾರತದಲ್ಲಿ ಈ ಕಥೆ ಬೇರೆ ರೂಪದಲ್ಲಿ ನಡೆಯಿತು, ಮತ್ತೆ ಅದರ ಬಹುಪಾಲು ನಡೆದದ್ದು ಬೆಂಗಳೂರಲ್ಲಿ. 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಮೊದಲು ಮಾಡಬೇಕು ಅಂದುಕೊಂಡಿದ್ದು ಅಂಗಡಿಯಲ್ಲ, ಬೇರೆ ಬೇರೆ ಆನ್‌ಲೈನ್ ಅಂಗಡಿಗಳ ಬೆಲೆ ಹೋಲಿಸಿ ತೋರಿಸೋ ಸೈಟ್. ಅಂದರೆ ಒಂದು ಥರ ದಲಾಲಿಯೇ. ಹೋಲಿಸೋಕೆ ಸರಿಯಾದ ಅಂಗಡಿಗಳೇ ಇಲ್ಲ ಅಂತ ಗೊತ್ತಾಗಿ ತಾವೇ ಅಂಗಡಿ ತೆರೆದರು, ಅದು ಫ್ಲಿಪ್‌ಕಾರ್ಟ್. ಅಮೆಜಾನ್ ಇಲ್ಲಿ ಬಂದಿದ್ದು 2013ರ ಜೂನ್‌ನಲ್ಲಿ. ಪಿಂಟರೆಸ್ಟ್‌ನ ಮೊದಲ ಸುಗ್ಗಿಯ ವರ್ಷಗಳಲ್ಲಿ ನಮ್ಮಲ್ಲಿ ಕ್ಲಿಕ್ ಮಾಡಿ ಕೊಳ್ಳೋ ಅಭ್ಯಾಸವೇ ಇನ್ನೂ ಬೇರೂರುತ್ತಿತ್ತು, ಕ್ಯಾಶ್ ಆನ್ ಡೆಲಿವರಿ ಇಲ್ಲದೆ ಬಹಳ ಜನ ಮುಂದೆ ಬರ್ತಿರಲಿಲ್ಲ.

ಚಿತ್ರ ತೋರಿಸಿ ಮಾರೋದು ನಮ್ಮಲ್ಲಿ ಬೆಳೆದದ್ದು ವಾಟ್ಸ್‌ಆ್ಯಪ್‌ನಲ್ಲಿ. 2015ರಲ್ಲಿ ವಿದಿತ್ ಆತ್ರೇ ಮತ್ತು ಸಂಜೀವ್ ಬರ್ನ್ವಾಲ್ ಬೆಂಗಳೂರಲ್ಲಿ ಕಟ್ಟಿದ ಮೀಶೋ ಇದರ ಮೇಲೇ ನಿಂತಿತು. ಮನೆಯಲ್ಲಿರೋ ಹೆಂಗಸರು ಸೀರೆ, ಕುರ್ತಾ ಚಿತ್ರಗಳನ್ನು ನೆಂಟರ, ಓಣಿಯವರ ಗುಂಪಿಗೆ ಕಳಿಸೋದು, ಬೆಲೆ ಮೇಲೆ ತಮ್ಮ ಲಾಭ ಸೇರಿಸಿ ಆರ್ಡರ್ ಹಾಕೋದು. ಇಲ್ಲಿ ಒಂದು ವ್ಯತ್ಯಾಸ ನೋಡಿ. ಪಿಂಟರೆಸ್ಟ್ ದಲಾಲಿಗೆ ಗ್ರಾಹಕರು ಯಾರು ಅಂತ ಗೊತ್ತಿಲ್ಲ, ಕಮಿಷನ್ ಎಷ್ಟು ಅಂತ ಅಂಗಡಿ ನಿರ್ಧರಿಸುತ್ತೆ. ವಾಟ್ಸ್‌ಆ್ಯಪ್‌ನಲ್ಲಿ ಸೀರೆ ತೋರಿಸೋರಿಗೆ ಗ್ರಾಹಕರ ಫೋನ್ ನಂಬರ್ ಗೊತ್ತು, ಲಾಭ ಎಷ್ಟು ಅಂತ ಅವರೇ ಇಟ್ಟುಕೊಂಡಿದ್ದರು. ನಂತರದ ವರ್ಷಗಳಲ್ಲಿ ಮೀಶೋದಲ್ಲೂ ಗ್ರಾಹಕರು ನೇರವಾಗಿ ಆ್ಯಪ್‌ಗೆ ಬಂದು ಕೊಳ್ಳೋದೇ ಹೆಚ್ಚಾಯಿತು, ನಡುವಿನವರ ಪಾತ್ರ ಕುಗ್ಗಿತು. ಡಲ್ಲಾಸ್‌ನಲ್ಲಿ ಆದದ್ದೇ ದಾವಣಗೆರೆಯಲ್ಲೂ ಆಯ್ತು, ಇಮೇಲ್ ಬರಲಿಲ್ಲ ಅಷ್ಟೇ.

2024ರ ಅಕ್ಟೋಬರ್‌ನಲ್ಲಿ ಯೂಟ್ಯೂಬ್ ತನ್ನ ಶಾಪಿಂಗ್ ಅಫಿಲಿಯೇಟ್ ಕಾರ್ಯಕ್ರಮವನ್ನು ಭಾರತಕ್ಕೆ ತಂದಾಗ ಮೊದಲು ಜೊತೆ ಸೇರಿದ್ದು ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ, ಎರಡೂ ಬೆಂಗಳೂರಿನವು. ನಿಯಮಗಳೂ ಬಂದಿವೆ. ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೂ ಹೇಳಿತು: ದುಡ್ಡು, ಉಡುಗೊರೆ, ಕಮಿಷನ್ ಯಾವುದೇ ಇದ್ದರೂ ನೋಡುವವರಿಗೆ ಅರ್ಥವಾಗೋ ಭಾಷೆಯಲ್ಲಿ, ಕಣ್ಣಿಗೆ ಬೀಳೋ ಹಾಗೆ ತಿಳಿಸಬೇಕು. ಕನ್ನಡದಲ್ಲಿ ಪಿನ್ ಮಾಡಿ ಕೊನೆಯಲ್ಲಿ ಹತ್ತು ಇಂಗ್ಲಿಷ್ ಹ್ಯಾಶ್‌ಟ್ಯಾಗ್ ನಡುವೆ ಆ ಪದ ಹೂತು ಹಾಕಿದರೆ ಸಾಲದು.

ನೌಕರಿಯಲ್ಲಿರೋರಿಗೆ ಒಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋದ ರಿಷಾದ್ ಪ್ರೇಮ್‌ಜಿ, ಪ್ರತಿಸ್ಪರ್ಧಿಗಳಿಗೆ ಕೆಲಸ ಮಾಡ್ತಿದ್ದ 300 ಜನರನ್ನು ತೆಗೆದಿದ್ದೇವೆ ಅಂದಾಗ ನಮ್ಮ ಗುಂಪುಗಳಲ್ಲೆಲ್ಲ ಅದೇ ಚರ್ಚೆ ಇತ್ತಲ್ಲ. ಅಡುಗೆಮನೆ ಡಬ್ಬಿಯ ಲಿಂಕ್ ಹಾಕೋದು ಯಾವ ಐಟಿ ಕಂಪನಿಗೂ ಪೈಪೋಟಿ ಅಲ್ಲ. ಆದರೆ ಬಹಳ ಆಫರ್ ಲೆಟರ್‌ಗಳಲ್ಲಿ ಹೊರಗಿನ ಆದಾಯ ಅಂದ್ರೆ ಯಾವುದೇ ಆದಾಯ ಅಂತ ಅಗಲವಾಗಿ ಬರೆದಿರ್ತಾರೆ. ಒಂದು ಸಲ ತೆಗೆದು ಓದಿ. ಕಮಿಷನ್ ದುಡ್ಡನ್ನು ಐಟಿ ರಿಟರ್ನ್‌ನಲ್ಲಿ ತೋರಿಸಬೇಕು ಅನ್ನೋದನ್ನ ನಿಮಗೆ ಹೇಳಬೇಕಾಗಿಲ್ಲ.

ಅಮೆಜಾನ್ ಲಿಂಕ್ ಹಾಕೋರು ಇನ್ನೊಂದು ಗಡುವು ಗಮನಿಸಿ: ಖಾತೆ ತೆರೆದ 180 ದಿನದೊಳಗೆ ಮೂರು ಅರ್ಹ ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತೆ. ಪಿನ್ ಬೆಳೆಯೋಕೆ ಹಿಡಿಯೋ ಸಮಯಕ್ಕೂ ಈ ಗಡುವಿಗೂ ಹೊಂದೋದಿಲ್ಲ. ಪಿಂಟರೆಸ್ಟ್‌ನಿಂದ ನೇರ ಅಂಗಡಿಗೆ ಕಳಿಸೋ ಬದಲು ತಮ್ಮದೇ ಬ್ಲಾಗ್ ಪುಟಕ್ಕೆ ಕಳಿಸಿ, ಅಫಿಲಿಯೇಟ್ ಲಿಂಕ್ ಅಲ್ಲಿ ಇಟ್ಟವರು 2015ರಲ್ಲಿ ಪಾರಾದರು. ಟ್ಯಾಗ್ ಅವರ ಸ್ವಂತ ಪುಟದಲ್ಲಿತ್ತು, ಪಿಂಟರೆಸ್ಟ್ ಕೈ ಅಲ್ಲಿಗೆ ಹೋಗಲಿಲ್ಲ. ಧಾರವಾಡದ ನಮ್ಮ ನೆರೆಯವರಿಗೂ ಇದನ್ನೇ ಹೇಳಿದೆ, ಈಗ ಒಂದು ಬ್ಲಾಗ್ ಶುರು ಮಾಡಿದ್ದಾರೆ, ಕನ್ನಡದಲ್ಲೇ.

ಇತ್ತೀಚಿನ ಸ್ಥಿತಿ ಇಷ್ಟು. 2022ರ ಜೂನ್‌ನಲ್ಲಿ ಸಿಲ್ಬರ್ಮನ್ ಸಿಇಒ ಸ್ಥಾನ ಬಿಟ್ಟರು, ಬಂದವರು ಬಿಲ್ ರೆಡಿ; ಪೇಪಾಲ್‌ನಲ್ಲೂ ಗೂಗಲ್‌ನ ಶಾಪಿಂಗ್ ವಿಭಾಗದಲ್ಲೂ ಇದ್ದವರು. 2023ರ ಏಪ್ರಿಲ್‌ನಲ್ಲಿ ಅಮೆಜಾನ್ ಜೊತೆ ಜಾಹೀರಾತು ಒಪ್ಪಂದ ಆಯ್ತು. ಅಂದರೆ ನೀವು ಅಮೆಜಾನ್ ದೀಪದ ಪಿನ್ ಮಾಡಿ ಕಮಿಷನ್‌ಗೆ ಕಾಯುವಾಗ, ಅದೇ ಹುಡುಕಾಟದಲ್ಲಿ ಪಕ್ಕದಲ್ಲೇ ಅಮೆಜಾನ್‌ನ ಜಾಹೀರಾತು ದೀಪ ಕಾಣಬಹುದು. 2024ರಲ್ಲಿ ತಿಂಗಳ ಬಳಕೆದಾರರು 50 ಕೋಟಿ ದಾಟಿದರು. 2025ರಲ್ಲಿ ಎಐ ಮಾಡಿದ ಚಿತ್ರಗಳು ತುಂಬಿಕೊಂಡವು ಅನ್ನೋ ದೂರು ಹೆಚ್ಚಾಗಿ, ಅಂಥ ಪಿನ್‌ಗಳಿಗೆ ಗುರುತಿನ ಚೀಟಿ ಹಚ್ಚೋಕೆ ಪಿಂಟರೆಸ್ಟ್ ಶುರು ಮಾಡಿತು. ಇಲ್ಲದ ಸೋಫಾ, ಇಲ್ಲದ ಮನೆ, ಅದರ ಹಿಂದೆ ಯಾವುದೋ ಲಿಂಕ್. ಅದರ ಬಗ್ಗೆ ಬೇರೆ ವಿಡಿಯೊ ಮಾಡೋಣ. ಸಿಗೋಣ.